ಕಾರಿನ ಗಾಜಿನ ಬಿರುಕಿಗೆ ಟೂತ್‌ಪೇಸ್ಟ್ ಮದ್ದೇ?

ಮೂಡಿಗೆರೆ–ಕಳಸ ರಸ್ತೆಯಲ್ಲೋ ಚಾರ್ಮಾಡಿ ಘಾಟಿಯಲ್ಲೋ ಮುಂದಿನ ವಾಹನದ ಚಕ್ರದಿಂದ ಜಲ್ಲಿಕಲ್ಲು ಸಿಡಿದು ಕಾರಿನ ಗಾಜು ಬಿರುಕು ಬಿಡುವುದುಂಟು. ‘ಟೂತ್‌ಪೇಸ್ಟ್ ಹಚ್ಚಿ, ಬಿರುಕು ಮಾಯ’ ಎನ್ನುವ ವಾಟ್ಸ್‌ಆ್ಯಪ್ ಸಂದೇಶ ನಿಜವೇ?

ಸುಳ್ಳು. ಪೇಸ್ಟ್ ಗಾಜನ್ನು ಬೆಸೆಯುವುದಿಲ್ಲ; ಬಿರುಕಿನೊಳಗೆ ಕೂತು ಮುಂದಿನ ರಿಪೇರಿಗೇ ಅಡ್ಡಿಯಾಗುತ್ತದೆ.

ಮುಂಭಾಗದ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ. ರಿಪೇರಿಯವರು ಹೊರಪದರದ ಬಿರುಕಿನಿಂದ ಗಾಳಿ ಹೊರತೆಗೆದು, ರೆಸಿನ್ ತುಂಬಿ, ಅತಿನೇರಳೆ ಬೆಳಕಿನಲ್ಲಿ ಗಟ್ಟಿಗೊಳಿಸುತ್ತಾರೆ. ರೆಸಿನ್ ಬೆಳಕನ್ನು ಹೆಚ್ಚುಕಡಿಮೆ ಗಾಜಿನಷ್ಟೇ ಬಾಗಿಸುವುದರಿಂದ ಬಿರುಕು ಮಸುಕಾಗುತ್ತದೆ.

‘ದುಡ್ಡು ಕೊಟ್ಟರೂ ಕಲೆ ಉಳಿಯಿತು’ ಎಂಬುದು ಗ್ರಾಹಕರ ದೂರು. ತುಸು ಕಲೆ ಉಳಿಯುವುದು ಸಹಜ. ಬಿರುಕು ಹಬ್ಬದಂತೆ ತಡೆಯುವುದೇ ರಿಪೇರಿಯ ಗುರಿ. ಆದರೆ ಇದನ್ನು ಮೊದಲೇ ತಿಳಿಸುವುದು ರಿಪೇರಿಯವರ ಹೊಣೆ ಎನ್ನುತ್ತೇವೆ ನಾವು. ಬಿರುಕು ಉದ್ದವಿದ್ದರೆ, ಅಂಚಿನಲ್ಲಿದ್ದರೆ ಅಥವಾ ಚಾಲಕರ ಕಣ್ಣೆದುರಿಗೇ ಇದ್ದರೆ ಗಾಜು ಬದಲಿಸುವುದೇ ಸುರಕ್ಷಿತ.

ಮಲೆನಾಡಿನ ಮಳೆಯಲ್ಲಿ ಇನ್ನೊಂದು ಎಚ್ಚರ ಬೇಕು: ಬಿರುಕಿಗೆ ನೀರು, ಕೆಸರು ಸೇರಿದರೆ ರೆಸಿನ್ ಸರಿಯಾಗಿ ಹಿಡಿಯದು. ಗ್ಯಾರೇಜ್ ತಲುಪುವವರೆಗೆ ಪಾರದರ್ಶಕ ಟೇಪ್ ಅಂಟಿಸಿ. ಮಂಜು ಕವಿದ ಬೆಳಿಗ್ಗೆ ತಣ್ಣನೆಯ ಗಾಜಿಗೆ ಬಿಸಿನೀರು ಸುರಿಯಬೇಡಿ. ಒಂದೆಡೆ ಮಾತ್ರ ಗಾಜು ಹಿಗ್ಗಿ, ಸಣ್ಣ ಬಿರುಕು ಉದ್ದಕ್ಕೆ ಸೀಳಿಬಿಡಬಹುದು.