ಬಾರದ ಕರೆ

ಸೈನ್ಯದಿಂದ ಕರೆ ಬಂದಿತೆಂದು ಕಣ್ಣೀರಿಟ್ಟ ತಾಯಂದಿರನ್ನು ಲೋಕವು ಬಲ್ಲದು. ಕರೆ ಬಾರಲಿಲ್ಲವೆಂದು ನೊಂದ ಮನೆಗಳೂ ಉಂಟು. ಸಿಂಗಪುರದ ಮಲಯ ಜನರ ಕತೆ ಅಂಥದು.

1965ರ ಆಗಸ್ಟ್ 9ರಂದು ಮಲೇಷ್ಯದಿಂದ ಬೇರ್ಪಟ್ಟಾಗ ಆ ಪುಟ್ಟ ದ್ವೀಪಕ್ಕೆ ಇದ್ದುದು ಎರಡೇ ಕಾಲ್ದಳದ ಬೆಟಾಲಿಯನ್‌ಗಳು. ಅವುಗಳಲ್ಲಿ ಮಲಯ ಯೋಧರು ಬಹಳ ಮಂದಿ. ತಲೆಮಾರುಗಳಿಂದ ಸೈನ್ಯ, ಪೊಲೀಸ್ ಇಲಾಖೆಗಳು ಆ ಜನರಿಗೆ ಅನ್ನವನ್ನೂ ಗೌರವವನ್ನೂ ಕೊಟ್ಟಿದ್ದವು. 1967ರಲ್ಲಿ ಸರ್ಕಾರವು ಕಡ್ಡಾಯ ಸೈನಿಕ ಸೇವೆಯ ಶಾಸನವನ್ನು ತಂದಿತು. ಹದಿನೆಂಟು ತುಂಬಿದ ತರುಣರೆಲ್ಲರಿಗೂ ಅದು ಅನ್ವಯ.

ಶಾಸನದ ಅಕ್ಷರದಲ್ಲಿ ಭೇದವಿರಲಿಲ್ಲ, ಆಚರಣೆಯಲ್ಲಿತ್ತು. ಸುಮಾರು ಹತ್ತು ವರ್ಷಗಳ ಕಾಲ ಮಲಯ ತರುಣರಲ್ಲಿ ಬಹುಪಾಲಿಗೆ ಕರೆಯೇ ಬರಲಿಲ್ಲ. ನೆರೆಯ ಮಲೇಷ್ಯ, ಇಂಡೋನೇಷ್ಯಗಳಲ್ಲಿ ಅವರ ಭಾಷೆಯವರಿದ್ದರು, ಧರ್ಮದವರಿದ್ದರು, ಬಂಧುಗಳಿದ್ದರು. ಯುದ್ಧವಾದರೆ ಇವರ ಬಂದೂಕು ಯಾವ ಕಡೆಗೆ ತಿರುಗೀತು ಎಂಬ ಸಂಶಯವೇ ಇದರ ಹಿಂದಿತ್ತು.

ಕರೆಯಿಲ್ಲವಾದರೆ ನಷ್ಟವೇನು ಎನ್ನಬಹುದು. ಕರೆ ಬಾರದಿದ್ದರೂ ಬಿಡುಗಡೆಯ ಪತ್ರವೂ ಇರಲಿಲ್ಲ. ಇಂದೋ ನಾಳೆಯೋ ಸೈನ್ಯಕ್ಕೆ ಹೋಗಬಹುದಾದ ಹುಡುಗನಿಗೆ ಕೆಲಸ ಕೊಡಲು ಧಣಿಗಳು ಹಿಂಜರಿದರು. ಓದು ಮುಗಿಸಿದ ಹುಡುಗನು ಅತ್ತ ಸಿಪಾಯಿಯೂ ಅಲ್ಲ, ಇತ್ತ ನೌಕರನೂ ಅಲ್ಲ. ಮನೆಗೆ ಆಸರೆಯಾಗಬೇಕಾದವನು ಅಂಚೆಯವನ ದಾರಿ ಕಾಯುತ್ತ ಕುಳಿತನು.

ಅದೇ ದ್ವೀಪದ ಪಾಸಿರ್ ಪಂಜಾಂಗ್ ಗುಡ್ಡಗಳಲ್ಲಿ 1942ರ ಫೆಬ್ರವರಿಯಲ್ಲಿ ಜಪಾನೀಯರಿಗೆ ಎದೆಯೊಡ್ಡಿದುದು ಮಲಯ ರೆಜಿಮೆಂಟ್. ಆ ತಿಂಗಳ 14ರಂದು ಲೆಫ್ಟಿನೆಂಟ್ ಅದ್ನಾನ್ ಸೈದಿ ಹೋರಾಡಿ ಮಡಿದನು. ಆ ನೆನಪೂ ಸಂಶಯವನ್ನು ಕರಗಿಸಲಿಲ್ಲ.

ಎಪ್ಪತ್ತರ ದಶಕದ ಕೊನೆಯಿಂದ ಬಾಗಿಲು ಮೆಲ್ಲಮೆಲ್ಲನೆ ತೆರೆಯಿತು. ಕರೆ ಬಂದವರಲ್ಲಿಯೂ ಅನೇಕರು ಪೊಲೀಸ್ ಪಡೆಗೆ, ಅಗ್ನಿಶಾಮಕ ಪಡೆಗೆ ನಿಯುಕ್ತರಾದರು. ದೇಶದ ಮೇಲಿನ ಭಾವನೆಗೂ ಧರ್ಮಕ್ಕೂ ಘರ್ಷಣೆಯಾಗಬಹುದಾದ ಸ್ಥಾನದಲ್ಲಿ ಸೈನಿಕನನ್ನು ನಿಲ್ಲಿಸಲು ಇಷ್ಟವಿಲ್ಲವೆಂದು 1987ರಲ್ಲಿ ಸಚಿವ ಲೀ ಸೆನ್ ಲೂಂಗ್ ಬಹಿರಂಗವಾಗಿಯೇ ಹೇಳಿದರು. ಅದುವರೆಗೆ ಪಿಸುಮಾತಾಗಿದ್ದುದು ಅಂದು ಬಾಯಿಬಿಟ್ಟ ಮಾತಾಯಿತು. ನೊಂದವರ ನೋವಿಗೆ ಹೆಸರೂ ದೊರೆಯಿತು. 2009ರಲ್ಲಿ ಇಶಾಕ್ ಇಸ್ಮಾಯಿಲ್ ಬ್ರಿಗೇಡಿಯರ್ ಜನರಲ್ ಆದರು. ಮಲಯರಲ್ಲಿ ಆ ಪದವಿಗೇರಿದವರು ಅವರೇ ಮೊದಲಿಗರು. ಸ್ವಾತಂತ್ರ್ಯ ಬಂದು ಆಗ ನಾಲ್ವತ್ತನಾಲ್ಕು ವರ್ಷಗಳಾಗಿದ್ದವು.

ಹೊಸ ರಾಷ್ಟ್ರದ ಭಯ ಸುಳ್ಳೆನ್ನಲಾಗದು. ಎಳೆಯ ಮನೆಗೆ ಬಾಗಿಲ ಚಿಂತೆ ಸಹಜ. ಆದರೆ ಮನೆಯ ಬೀಗದಕೈಯನ್ನು ಒಮ್ಮೆಯೂ ಕೈಗೆ ಕೊಡದೆ, ಮಗನು ನಂಬಿಕಸ್ಥನೋ ಅಲ್ಲವೋ ಎಂಬುದನ್ನು ತಂದೆಯು ತಿಳಿಯುವ ಬಗೆ ಯಾವುದು?