ಸರಾಸರಿಯ ಲೆಕ್ಕ ಸಾಲದು

ಗಿರಣಿಯ ಮ್ಯಾನೇಜರರ ಸಂಬಳವನ್ನೂ ಕಸಗುಡಿಸುವವನ ಕೂಲಿಯನ್ನೂ ಒಂದೇ ರಾಶಿಗೆ ಹಾಕಿ ತಲೆಗಿಷ್ಟು ಎಂದು ಭಾಗಿಸಿದರೆ ಬರುವ ಅಂಕಿ ಸುಳ್ಳಲ್ಲ. ಆದರೆ ಯಾರ ಮನೆಯ ಒಲೆ ಉರಿಯಿತು, ಯಾರದು ಉರಿಯಲಿಲ್ಲ ಎಂಬುದು ಅದರಿಂದ ತಿಳಿಯದು. ಈ ಮಾಯೆಯನ್ನು ಕಾರ್ಮಿಕರು ಚೆನ್ನಾಗಿ ಬಲ್ಲರು. ವೈದ್ಯವಿಜ್ಞಾನವೂ ಬಹುಕಾಲ ಇದರಲ್ಲೇ ಸಿಲುಕಿತ್ತು.

ಮನುಷ್ಯದೇಹದಲ್ಲಿ ಸುಮಾರು 37 ಲಕ್ಷ ಕೋಟಿ ಜೀವಕೋಶಗಳಿವೆಯೆಂದು ಅಂದಾಜು. ಕೋಶಕೇಂದ್ರವಿರುವ ಎಲ್ಲದರಲ್ಲಿಯೂ ವಂಶವಾಹಿಗಳು ಹೆಚ್ಚುಕಡಿಮೆ ಅವೇ. ಎಲ್ಲಿ ಯಾವುವು ಕೆಲಸಕ್ಕಿಳಿದಿವೆ ಎಂಬುದರಲ್ಲಿ ಮಾತ್ರ ಭೇದ. ಹಿಂದೆ ಸಾವಿರಾರು ಕೋಶಗಳನ್ನು ಒಟ್ಟಿಗೇ ಅರೆದು ಅಳೆಯುತ್ತಿದ್ದರು. 2009ರಲ್ಲಿ ಒಂದೇ ಕೋಶದ ಆರ್‌ಎನ್‌ಎಯನ್ನು ಓದುವ ವಿಧಾನ ಬಂದಿತು. 2015ರ ಹೊತ್ತಿಗೆ ಒಂದೊಂದು ಕೋಶವನ್ನೂ ಒಂದೊಂದು ಸೂಕ್ಷ್ಮ ಹನಿಯಲ್ಲಿ ಸೆರೆಹಿಡಿದು, ಅಂಗಡಿಯ ಸರಕಿಗೆ ಚೀಟಿ ಅಂಟಿಸುವಂತೆ ಗುರುತುಹಾಕಿ, ಸಾವಿರಗಟ್ಟಲೆ ಕೋಶಗಳ ಹಾಜರಿಯನ್ನು ಒಮ್ಮೆಗೇ ತೆಗೆಯುವುದು ಸಾಧ್ಯವಾಯಿತು.

ಇದರ ಫಲವನ್ನು ನೋಡಿ. ಶ್ವಾಸಕೋಶವನ್ನು ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ವಂಶಪಾರಂಪರ್ಯ ಕಾಯಿಲೆಯ ವಂಶವಾಹಿಯನ್ನು 1989ರಲ್ಲೇ ಗುರುತಿಸಿದ್ದರು. ಶ್ವಾಸನಾಳದಲ್ಲಿ ಅದು ಅತಿ ಹೆಚ್ಚು ದುಡಿಯುವುದು ನೂರಕ್ಕೆ ಒಂದರಷ್ಟೇ ಇರುವ, ಅದುವರೆಗೆ ಯಾರ ಕಣ್ಣಿಗೂ ಬೀಳದ ಒಂದು ಜಾತಿಯ ಕೋಶದಲ್ಲಿ ಎಂಬುದು ತಿಳಿದದ್ದು 2018ರಲ್ಲಿ! ಸರಾಸರಿಯೊಳಗೆ ಅದು ಮುಚ್ಚಿಹೋಗಿತ್ತು.

ಆದರೆ ಯಾರ ಕೋಶಗಳನ್ನು ಎಣಿಸಬೇಕು? ಭಾರತ, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ಥಾಯ್ಲೆಂಡುಗಳ 619 ಆರೋಗ್ಯವಂತರ ಹನ್ನೆರಡು ಲಕ್ಷಕ್ಕೂ ಮಿಕ್ಕ ರಕ್ತಕೋಶಗಳನ್ನು ಪರೀಕ್ಷಿಸಿದ ವರದಿಯೊಂದು 2025ರಲ್ಲಿ ಪ್ರಕಟವಾಯಿತು. ಜನಾಂಗ, ವಯಸ್ಸು, ಸ್ತ್ರೀಪುರುಷ ಭೇದಗಳಿಗೆ ತಕ್ಕಂತೆ ಕೋಶಗಳ ಪ್ರಮಾಣ ಬೇರೆಯಾಗುವುದನ್ನು ಅದು ತೋರಿಸಿದೆ. ಹಾಗಾದರೆ ಪಶ್ಚಿಮದವರ ಮೈಯಲ್ಲಿ ಅಳೆದ ‘ಸಹಜ’ವನ್ನೇ ನಮ್ಮ ಮೈಗೂ ಅಳತೆಗೋಲಾಗಿಸುವುದು ಸರಿಯೆ?

ಬೆಲೆಯ ಮಾತೂ ಇದೆ. 2016ರಲ್ಲಿ ಆರಂಭವಾದ ‘ಹ್ಯೂಮನ್ ಸೆಲ್ ಅಟ್ಲಾಸ್’ ತನ್ನ ಮಾಹಿತಿಯನ್ನು ಜಗತ್ತಿಗೇ ಬಿಟ್ಟುಕೊಡುವ ನೀತಿಯನ್ನಿಟ್ಟುಕೊಂಡಿದೆ. ಇದು ಮೆಚ್ಚತಕ್ಕದ್ದು. ಆದರೆ ಮಾಹಿತಿ ಪುಕ್ಕಟೆಯಾದರೆ ಔಷಧವೂ ಪುಕ್ಕಟೆಯಾದೀತೆ? ಮೇಲೆ ಹೇಳಿದ ಕಾಯಿಲೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧಕ್ಕೆ (ಇದು ಆ ಕೋಶದ ಶೋಧದಿಂದ ಹುಟ್ಟಿದ್ದಲ್ಲ) ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಮೀರಿ ಬೆಲೆ ಕಟ್ಟಿದರು.

ಬ್ಲೋ ರೂಮು, ಕಾರ್ಡಿಂಗ್‌ಗಳಲ್ಲಿ ಹತ್ತಿಯ ಧೂಳು ಕುಡಿದವರಿಗೆ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದಾಗ ಎದೆ ಬಿಗಿಯುವ ಬಿಸಿನೋಸಿಸ್ ರೋಗ ಹೊಸದಲ್ಲ. ಆ ಶ್ವಾಸಕೋಶಗಳಲ್ಲಿ ಯಾವ ಕೋಶ ಕೆಡುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನೂ ಹೀಗೆಯೇ ಒಂದೊಂದಾಗಿ ಎಣಿಸಿ ನೋಡಬೇಕು. ಕಾರ್ಮಿಕರ ಮತ್ತು ಮಾಲೀಕರ ವಂತಿಗೆಯಿಂದ ನಡೆಯುವ ಇ.ಎಸ್.ಐ. ಆಸ್ಪತ್ರೆಗಳ ಮೂಲಕ ಕೇಂದ್ರ ಸರ್ಕಾರ ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ. ಫಲಿತಾಂಶವನ್ನು ಕಾರ್ಮಿಕರಿಗೆ ಅವರ ಭಾಷೆಯಲ್ಲೇ ತಿಳಿಸಲಿ.