ಆಧಾರ್ ಇಲ್ಲದ ಮಗುವಿಗೂ ಶಾಲೆಯುಂಟು

ಸಿರವಾರದ ಹುಡುಗಿಗಾಗಲಿ, ದೇವದುರ್ಗದ ತಾಂಡಾದ ಹುಡುಗನಿಗಾಗಲಿ ಆಧಾರ್ ಸಂಖ್ಯೆ ಇಲ್ಲವೆಂದು ಶಾಲೆಯವರು ದಾಖಲಾತಿ ನಿರಾಕರಿಸಬಹುದೇ? ಕೂಡದು.

ಈ ಉತ್ತರದ ಹಿಂದೆ ಕನ್ನಡನಾಡಿನ ಹಿರಿಯರೊಬ್ಬರ ಹೋರಾಟವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಶಾಸನದ ಬಲವಿಲ್ಲದೆ ಸರ್ಕಾರ ಜನರ ಬೆರಳಚ್ಚು ಸಂಗ್ರಹಿಸುವುದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಾದವನ್ನು ಒಮ್ಮತದಿಂದ ತಳ್ಳಿಹಾಕಿತು.

2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಪಡಿತರದಂಥ ಸವಲತ್ತಿಗೆ ಅದನ್ನು ಕೇಳಬಹುದು. ಆದರೆ ಶಾಲಾ ದಾಖಲಾತಿ ಸರ್ಕಾರ ಕೊಡುವ ಸಬ್ಸಿಡಿಯಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು ಸಂವಿಧಾನದ 21ಎ ವಿಧಿ ಕೊಟ್ಟ ಹಕ್ಕು. ಮಕ್ಕಳ ಆಧಾರ್ ನೋಂದಣಿಗೆ ಪಾಲಕರ ಒಪ್ಪಿಗೆ ಬೇಕು. ಸಂಖ್ಯೆಯಿಲ್ಲವೆಂದು ಯಾವ ಮಗುವಿಗೂ ಸವಲತ್ತು ತಪ್ಪಿಸಬಾರದು, ಬೇರೆ ದಾಖಲೆ ನೋಡಿ ಕೊಡಬೇಕು ಎಂದಿತು ನ್ಯಾಯಾಲಯ.

ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ದಿಲ್ಲಿಯ ತೀರ್ಪು ಊರ ಶಾಲೆಯ ಬಾಗಿಲಿಗೆ ತಾನಾಗಿ ನಡೆದು ಬರುವುದಿಲ್ಲ. ‘ಆಧಾರ್ ತಂದ ಮೇಲೆ ನೋಡೋಣ’ ಎಂದು ಯಾರಾದರೂ ತಿರುಗಿ ಕಳಿಸಿದರೆ, ಆ ಮಾತನ್ನು ಬರೆದುಕೊಡುವಂತೆ ಪಾಲಕರು ಕೇಳಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಸಲ್ಲಿಸಬೇಕು.